ಆಕಾಶವನ್ನು ಓದಿದ ಸಾಮಾನ್ಯರು

ಹಾನಗಲ್ಲು, ಹಿರೇಕೆರೂರು, ಶಿಗ್ಗಾಂವಿ, ಸವಣೂರುಗಳ ಸೀಮೆಯಲ್ಲಿ ತಿರುಗಾಡುವವರಿಗೆ ಶಿಲಾಶಾಸನಗಳು ಅಪರೂಪವಲ್ಲ. ಸೂರ್ಯಗ್ರಹಣದಂದು, ಉತ್ತರಾಯಣ ಸಂಕ್ರಾಂತಿಯಂದು ಭೂಮಿಯನ್ನು ದಾನ ಬಿಟ್ಟ ಸಂಗತಿ ಕನ್ನಡ ಶಾಸನಗಳಲ್ಲಿ ಮೇಲಿಂದ ಮೇಲೆ ಬರುತ್ತದೆ. ಬರೆಯಿಸಿದವರ ಲಕ್ಷ್ಯ ದಾನದ ಕಡೆಗೆ, ಖಗೋಳದ ಕಡೆಗಲ್ಲ. ಆದರೂ ಅಂಥ ಬರಹಗಳಿಂದಲೇ ಬೆಂಗಳೂರಿನ ಬಿ. ಎಸ್. ಶೈಲಜಾ ಹಾಗೂ ಕೆ. ಜಿ. ಗೀತಾ ಅವರು ಗ್ರಹಣಾದಿ ಆಕಾಶ ವಿಶೇಷಗಳನ್ನು ಕಲೆಹಾಕಿ 2016ರಲ್ಲಿ ಗ್ರಂಥವೊಂದನ್ನು ಹೊರತಂದರು. ಶಾಸ್ತ್ರಕ್ಕೆ ಅಶಾಸ್ತ್ರಜ್ಞರ ಕೈ ನೆರವಾದುದಕ್ಕೆ ಇದೊಂದು ನಿದರ್ಶನ.

ಇಂದು ಆ ನೆರವು ಬೇರೊಂದು ಬಗೆಯಲ್ಲಿ ಸಲ್ಲುತ್ತಿದೆ. ಕೋಟ್ಯಂತರ ನಕ್ಷತ್ರಗಳ ಸಮೂಹಕ್ಕೆ ಗೆಲಾಕ್ಸಿ ಎಂದು ಹೆಸರು. ನಮ್ಮ ಆಕಾಶಗಂಗೆಯೂ ಅಂಥದೊಂದು. ಎರಡು ಗೆಲಾಕ್ಸಿಗಳು ಸಮೀಪಿಸಿದರೆ ಪರಸ್ಪರ ಆಕರ್ಷಣದಿಂದ ಅವುಗಳ ಆಕಾರ ಕೆಟ್ಟು, ನಕ್ಷತ್ರಗಳೂ ಅನಿಲವೂ ಬಾಲದಂತೆ ಹೊರಚಾಚುತ್ತವೆ. ಈ ಸಂಘಟ್ಟನೆ ಮುಗಿಯಲು ಕೋಟಿಗಟ್ಟಲೆ ವರ್ಷ ಬೇಕು. ಯಾರು ಕಾದು ನೋಡಿಯಾರು? ಆದುದರಿಂದ ಬೇರೆ ಬೇರೆ ಹಂತದಲ್ಲಿರುವ ಅನೇಕ ಜೋಡಿಗಳನ್ನು ಹೋಲಿಸಿಯೇ ಕಥೆಯನ್ನು ತಿಳಿಯಬೇಕು.

ಆಕ್ಸ್‌ಫರ್ಡಿನ ಕೆವಿನ್ ಶಾವಿನ್ಸ್ಕಿ ಎಂಬವರು ಒಂದು ವಾರದಲ್ಲಿ 50,000 ಗೆಲಾಕ್ಸಿಗಳ ಚಿತ್ರಗಳನ್ನು ನೋಡಿದರು. ಉಳಿದವು ಎಂಟೊಂಬತ್ತು ಲಕ್ಷ! ಅಂದಿನ ಗಣಕಯಂತ್ರಕ್ಕೆ ಮನುಷ್ಯನ ಕಣ್ಣಿನಷ್ಟು ವಿವೇಚನೆ ಇರಲಿಲ್ಲ. 2007ರ ಜುಲೈಯಲ್ಲಿ ಅವರೂ ಅವರ ಸಂಗಡಿಗರೂ ‘ಗೆಲಾಕ್ಸಿ ಜೂ’ ಎಂಬ ಯೋಜನೆಯನ್ನಾರಂಭಿಸಿ ಚಿತ್ರಗಳನ್ನು ಅಂತರಜಾಲದಲ್ಲಿ ಜನರ ಮುಂದಿಟ್ಟರು. ಲಕ್ಷಕ್ಕೂ ಮಿಕ್ಕಿ ಜನ ಮುಂದೆ ಬಂದರು. ಅವರಲ್ಲೊಬ್ಬರು ನೆದರ್ಲೆಂಡ್ಸಿನ ಶಾಲಾ ಶಿಕ್ಷಕಿ ಹನಿ ವಾನ್ ಆರ್ಕೆಲ್. ಗೆಲಾಕ್ಸಿಯೊಂದರ ಬಳಿ ಹೊಳೆಯುತ್ತಿದ್ದ ವಿಚಿತ್ರ ಮೋಡವನ್ನು ಕಂಡು ‘ಇದೇನು?’ ಎಂದು ಕೇಳಿದರು. ಹಿಂದಿನ ಸಂಘಟ್ಟನೆಯಲ್ಲಿ ಹೊರಬಿದ್ದ ಅನಿಲವದು ಎಂದು ವಿದ್ವಾಂಸರು ಬಗೆದಿದ್ದಾರೆ.

ನಮ್ಮ ದೇಶವೂ ಹಿಂದೆ ಬಿದ್ದಿಲ್ಲ. 2013ರಲ್ಲಿ ಆನಂದ ಹೋತಾ ಅವರು ‘ರ್ಯಾಡ್ ಅಟ್ ಹೋಮ್’ ಎಂಬ ಸಂಘಟನೆಯ ಮೂಲಕ ವಿದ್ಯಾರ್ಥಿಗಳಿಗೂ ಆಸಕ್ತರಿಗೂ ರೇಡಿಯೋ ಖಗೋಳವನ್ನು ಕಲಿಸತೊಡಗಿದರು. ಪುಣೆಯ ಉತ್ತರಕ್ಕಿರುವ ಖೋಡದದಲ್ಲಿ 45 ಮೀಟರ್ ಅಗಲದ 30 ತಟ್ಟೆಗಳುಳ್ಳ ರೇಡಿಯೋ ದೂರದರ್ಶಕವಿದೆ. ನಿಮ್ಮ ಮನೆಯ ರೇಡಿಯೋ ನಿಲಯದ ಅಲೆಯನ್ನು ಹಿಡಿದಂತೆ ಅದು ಗೆಲಾಕ್ಸಿಗಳ ಅಲೆಯನ್ನು ಹಿಡಿಯುತ್ತದೆ. ಅದರ ನೆರವಿನಿಂದ ಈ ಬಳಗವು, ಒಂದು ಗೆಲಾಕ್ಸಿಯ ಗರ್ಭದಿಂದ ಚಿಮ್ಮಿದ ಧಾರೆ ತನ್ನೊಡನೆ ಬೆರೆಯುತ್ತಿರುವ ನೆರೆಯ ಗೆಲಾಕ್ಸಿಗೆ ಬಡಿಯುತ್ತಿರುವುದನ್ನು 2022ರಲ್ಲಿ ಪ್ರಕಟಿಸಿತು. ಅದು ಸುಮಾರು ನೂರು ಕೋಟಿ ಜ್ಯೋತಿರ್ವರ್ಷಗಳ ದೂರದ ದೃಶ್ಯ.

ಸಾಮಾನ್ಯರ ಕಣ್ಣು ತಪ್ಪಲಾರದೇ ಎಂದು ನೀವು ಕೇಳಬಹುದು. ತಪ್ಪುತ್ತದೆ. ಅದಕ್ಕಾಗಿಯೇ ಗೆಲಾಕ್ಸಿ ಜೂದಲ್ಲಿ ಒಂದೇ ಚಿತ್ರವನ್ನು ಹಲವರಿಗೆ ತೋರಿಸಿ ಬಹುಮತವನ್ನು ಗಣಿಸುತ್ತಾರೆ. ಓಲೆಗರಿಯ ಹಲವು ಪ್ರತಿಗಳನ್ನಿಟ್ಟುಕೊಂಡು ಶುದ್ಧಪಾಠವನ್ನು ನಿರ್ಣಯಿಸುವ ನಮ್ಮ ಪಂಡಿತರ ಪದ್ಧತಿಯೂ ಇದಕ್ಕೆ ದೂರವಲ್ಲ.

ದಾನಶಾಸನವನ್ನು ಕಡೆದ ರೂವಾರಿಗೆ, ಅದು ಮುಂದೆ ಯಾರಿಗೆ ಬೆಳಕಾದೀತೆಂಬುದು ತಿಳಿದಿರಲಿಲ್ಲ. ಇಂದು ಸವಣೂರಿನ ಹುಡುಗಿಯೊಬ್ಬಳು ಈ ಚಿತ್ರಗಳನ್ನು ನೋಡಕುಳಿತರೆ, ತಾನು ಮಾಡುತ್ತಿರುವುದೇನೆಂಬುದು ಅವಳಿಗೆ ತಿಳಿದಿರುತ್ತದೆ. ನಿಮ್ಮ ಮನೆಯ ಮಕ್ಕಳಿಗೆ ಇದನ್ನು ಹೇಳಿರಿ. ನೀವೂ ಅವರ ಜೊತೆಗೆ ಕುಳಿತುಕೊಳ್ಳಿರಿ.