ಧಾರವಾಡದ ಅರೆಮಲೆನಾಡಿನಲ್ಲಿ ಚಳಿಜ್ವರದ ನಿರೋಧ (೧೯೪೨–೧೯೫೩)

ಧಾರವಾಡ ಜಿಲ್ಲೆಯ ಮೂಡಣ ಪಡುವಣ ಭಾಗಗಳು ನೀರಿನ ವಿಷಯದಲ್ಲಿ ಒಂದನ್ನೊಂದು ಹೋಲುವದಿಲ್ಲ. ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಕಡೆಗೆ ಕಣ್ಣು ಹಾಯುವಷ್ಟು ದೂರವೂ ಎರೆಯ ನೆಲ. ಬೆಣ್ಣಿಹಳ್ಳ, ತುಪ್ಪರಿಹಳ್ಳಗಳು ಮಳೆಗಾಲದಲ್ಲಿ ದಡ ಮೀರಿ ಹರಿದು ಬೇಸಿಗೆಗೆ ಸೊರಗುವವು. ಬಾವಿ ತೋಡಿದರೆ ಅನೇಕ ಕಡೆಗಳಲ್ಲಿ ಸವುಳು ನೀರು. ಆದುದರಿಂದ ಊರಿನ ಜೀವವು ಕೆರೆಯನ್ನೇ ನೆಚ್ಚಿಕೊಂಡಿತ್ತು. ಕಲಘಟಗಿಯ ಕಡೆಗೆ ಹೊರಳಿದರೆ ಬತ್ತದ ಗದ್ದೆಗಳೂ ಕಾಡೂ ಬೇಡ್ತಿಯನ್ನು ಕೂಡುವ ಹಳ್ಳಗಳೂ ಎದುರಾಗುವವು. ಇದೇ ಅರೆಮಲೆನಾಡು. ಮೂಡಣ ಸೀಮೆಯ ಒಕ್ಕಲಿಗನಿಗೆ ನೀರಿಲ್ಲದ ಚಿಂತೆಯಾದರೆ, ಇಲ್ಲಿಯವನಿಗೆ ಹರಿಯುವ ನೀರೇ ಚಿಂತೆಯ ಮೂಲವಾಗಿತ್ತು. ಬಯಲುಸೀಮೆಯಿಂದ ಕೆಲಸಕ್ಕೆಂದು ಬಂದವರು ಚಳಿ ಹಿಡಿದು ಮರಳಿದಾಗ, ಮಲೆನಾಡಿನ ನೀರು ಮೈಗೆ ಹಿಡಿಸಲಿಲ್ಲವೆಂದು ಹೇಳುವದು ವಾಡಿಕೆ. ಕಾರಣವು ತಪ್ಪಾಗಿದ್ದರೂ ಜನರ ಗುರಿ ಪೂರ್ತಿ ತಪ್ಪಿರಲಿಲ್ಲ. ರೋಗವು ನೀರಿನಲ್ಲಿರದೆ, ಆ ನೀರಿನಲ್ಲಿ ಹುಟ್ಟುವ ಸೊಳ್ಳೆಯಲ್ಲಿದ್ದಿತು. ಮಲೇರಿಯಾದ ಜೀವಾಣುವು ಸೊಳ್ಳೆಯ ಒಡಲಲ್ಲಿ ಬೆಳೆಯುವದೆಂಬುದನ್ನು ರೊನಾಲ್ಡ್ ರಾಸನು ಸಿಕಂದರಾಬಾದಿನಲ್ಲಿ ೧೮೯೭ರಲ್ಲಿ ಕಂಡುಹಿಡಿದನು.

ಈ ಜ್ವರದ ಹಾವಳಿಯು ನೆರೆಯ ಉತ್ತರ ಕನ್ನಡ ಜಿಲ್ಲೆಯಲ್ಲಿ ಇನ್ನೂ ಘೋರವಾಗಿತ್ತು. ಆ ಜಿಲ್ಲೆಯ ಜನಸಂಖ್ಯೆಯು ೧೯೦೧ರ ಖಾನೇಸುಮಾರಿಯಲ್ಲಿ ನಾಲ್ಕೂವರೆ ಲಕ್ಷಕ್ಕೆ ಮಿಕ್ಕಿದ್ದುದು ೧೯೨೧ರಲ್ಲಿ ನಾಲ್ಕು ಲಕ್ಷದ ಸುಮಾರಿಗೆ ಇಳಿಯಿತು. ಪ್ಲೇಗು, ೧೯೧೮ರ ಇನ್‌ಫ್ಲುಯೆಂಜಾಗಳಿಗೂ ಇದರಲ್ಲಿ ಪಾಲುಂಟು. ಆದರೆ ವರ್ಷ ವರ್ಷವೂ ತಪ್ಪದೆ ಬಂದು ಘಟ್ಟದ ಮೇಲಣ ತಾಲೂಕುಗಳನ್ನು ಬರಿದು ಮಾಡುತ್ತಿದ್ದುದು ಚಳಿಜ್ವರವೇ. ಒಕ್ಕಲು ಉಳಿಯದ ಹಳ್ಳಿಯನ್ನು ಕಂದಾಯದ ಕಾಗದಗಳು ಬೇಚಿರಾಖವೆಂದು ಬರೆಯುತ್ತಿದ್ದವು. ದೀಪವಿಲ್ಲದ ಊರೆಂದು ಆ ಪದದ ಅರ್ಥ. ಊರಲ್ಲಿ ಉಳಿದವರ ಮಕ್ಕಳ ಹೊಟ್ಟೆಯ ಎಡಮಗ್ಗುಲಿನಲ್ಲಿ ಜ್ವರಗಡ್ಡೆ ಬೆಳೆದಿರುತ್ತಿತ್ತು. ಮಳೆ ಹಿಂದೆಗೆದು ಪೈರು ಕೊಯ್ಲಿಗೆ ಬರುವ ದಿನಗಳಲ್ಲಿಯೇ ಒಕ್ಕಲಿಗನು ಕಂಬಳಿ ಹೊದ್ದು ಮಲಗಬೇಕಾಗುತ್ತಿದ್ದುದರಿಂದ, ಜ್ವರದ ನಷ್ಟವನ್ನು ಸಾವುಗಳ ಲೆಕ್ಕದಿಂದ ಮಾತ್ರ ಅಳೆಯಲು ಬಾರದು.

೧೯೪೨ರಲ್ಲಿ ಜಪಾನೀಯರು ಜಾವಾ ದ್ವೀಪವನ್ನು ಹಿಡಿದರು. ಜಗತ್ತಿನ ಕ್ವಿನೈನಿನ ಬಹುಪಾಲು ಅಲ್ಲಿಯ ಸಿಂಕೋನಾ ತೋಟಗಳಿಂದ ಬರುತ್ತಿದ್ದುದರಿಂದ ಇದ್ದ ಒಂದು ಔಷಧವೂ ದುರ್ಲಭವಾಯಿತು. ಅದೇ ವರ್ಷ ಮುಂಬಯಿ ಸರಕಾರದ ಸಾರ್ವಜನಿಕ ಆರೋಗ್ಯ ಖಾತೆಯು ಉತ್ತರ ಕನ್ನಡದಲ್ಲಿ ಮಲೇರಿಯಾ ನಿರೋಧದ ಸಂಘಟನೆಯನ್ನು ಕಟ್ಟತೊಡಗಿತು. ಅದರ ಹೊಣೆಯನ್ನು ಹೊತ್ತವರು ಡಾ. ಡಿ. ಕೆ. ವಿಶ್ವನಾಥನ್ ಅವರು. ಅಸ್ಸಾಮಿನಲ್ಲಿ ಮಲೇರಿಯಾ ಹರಡುವ ಸೊಳ್ಳೆಗಳನ್ನು ಕುರಿತು ಅವರು ಮೊದಲೇ ಶೋಧ ನಡೆಸಿದ್ದರು. ಕೀಟಶಾಸ್ತ್ರಜ್ಞರಾದ ಟಿ. ರಾಮಚಂದ್ರರಾಯರು ಅವರ ಜೊತೆಗಾರರು. ಭಾರತದ ಅನಾಫಿಲಿಸ್ ಸೊಳ್ಳೆಗಳ ವಿಷಯವಾಗಿ ಮುಂದೆ ಪ್ರಮಾಣಗ್ರಂಥವನ್ನು ಬರೆದವರು ಇವರೇ.

ಈ ಕಾರ್ಯದ ಕೀರ್ತಿಯೆಲ್ಲ ಸಾಮಾನ್ಯವಾಗಿ ಡಿ.ಡಿ.ಟಿ. ಎಂಬ ಪುಡಿಗೆ ಸಲ್ಲುತ್ತ ಬಂದಿರುವದು. ಆ ವಸ್ತುವಿನ ಕೀಟನಾಶಕ ಗುಣವನ್ನು ಸ್ವಿಸ್ ರಸಾಯನಶಾಸ್ತ್ರಜ್ಞ ಪಾಲ್ ಮುಲ್ಲರನು ೧೯೩೯ರಲ್ಲಿ ಕಂಡುಹಿಡಿದು ೧೯೪೮ರಲ್ಲಿ ನೊಬೆಲ್ ಬಹುಮಾನ ಪಡೆದನೆಂಬುದು ಸರ್ವಶ್ರುತ. ಆದರೆ ಪುಡಿಯು ಈ ಸೀಮೆಗೆ ಬರುವ ಮೊದಲೇ ಕೆಲವು ವರ್ಷ ಸೊಳ್ಳೆಯ ಅಭ್ಯಾಸ ನಡೆದಿತ್ತೆಂಬ ಸಂಗತಿಗೆ ಸಾಕಷ್ಟು ಗಮನ ದೊರೆತಿಲ್ಲ. ಅನಾಫಿಲಿಸ್ ಜಾತಿಗಳು ಹಲವು. ಎಲ್ಲವೂ ರೋಗವನ್ನು ಹೊರುವದಿಲ್ಲ. ಮಲೆನಾಡಿನ ಮುಖ್ಯ ಅಪರಾಧಿಯು ಫ್ಲುವಿಯಾಟಿಲಿಸ್ ಎಂಬ ಜಾತಿ. ಕೊಳೆತು ನಾರುವ ಹೊಂಡ ಅದಕ್ಕೆ ಒಗ್ಗುವದಿಲ್ಲ. ಮಳೆ ನಿಂತ ಮೇಲೆ ತಿಳಿಯಾಗಿ ಮೆಲ್ಲಗೆ ಹರಿಯುವ ಹಳ್ಳದ ಅಂಚು, ಗದ್ದೆಯ ಕಾಲುವೆ, ಒರತೆಯ ಜಿನುಗು, ಹುಲ್ಲು ಬಾಗಿದ ದಡ, ಇವೇ ಅದರ ತೊಟ್ಟಿಲು. ಕಣ್ಣಿಗೆ ನಿರ್ಮಲವೆಂದು ತೋರುವ ನೀರೇ ಕೇಡಿನ ತವರಾಗಿದ್ದರೆ, ತಿಪ್ಪೆ ತೆಗೆಯಿಸಿ ಗಟಾರು ಬಳಿಯಿಸುವ ಎಂದಿನ ಗ್ರಾಮನೈರ್ಮಲ್ಯದಿಂದ ಏನಾದೀತು? ಮಲೆನಾಡಿನ ಲೆಕ್ಕವಿಲ್ಲದ ಹಳ್ಳಗಳಿಗೆಲ್ಲ ಎಣ್ಣೆ ಸುರಿಯುವದೂ ಬಡ ಪ್ರಾಂತಕ್ಕೆ ಸಾಧ್ಯವಿರಲಿಲ್ಲ.

ಆದರೆ ಈ ಸೊಳ್ಳೆಗೆ ಒಂದು ದುರ್ಬಲ ಸ್ಥಾನವಿದ್ದಿತು. ಅದು ಮನುಷ್ಯರ ರಕ್ತವನ್ನು ಮೆಚ್ಚಿ ಇರುಳಲ್ಲಿ ಮನೆಯೊಳಗೆ ಬಂದು ಕಚ್ಚಿ, ಹಗಲೆಲ್ಲ ಅಲ್ಲಿಯೇ ಕತ್ತಲೆಯ ಗೋಡೆಯ ಮೇಲೆ ಕುಳಿತಿರುವದು. ಆದುದರಿಂದ ಹಳ್ಳವನ್ನು ಬಿಟ್ಟು ಗೋಡೆಯನ್ನು ಹಿಡಿಯುವ ಮಾರ್ಗ ಹೊಳೆಯಿತು. ಡಿ.ಡಿ.ಟಿ.ಯನ್ನು ಗೋಡೆಗೆ ಸಿಂಪಡಿಸಿದರೆ ಅದರ ಶಕ್ತಿಯು ತಿಂಗಳುಗಟ್ಟಲೆ ಉಳಿಯುವದು; ಅಲ್ಲಿ ಕುಳಿತ ಸೊಳ್ಳೆಯು ತನ್ನೊಳಗಿನ ಜೀವಾಣು ಪಕ್ವವಾಗುವ ಮೊದಲೇ ಸಾಯುವದು. ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ೧೯೪೬ರಿಂದ ವಿಸ್ತಾರವಾಗಿ ನಡೆದ ಕಾರ್ಯದ ತಿರುಳು ಇಷ್ಟೇ.

ಹೇಳುವಷ್ಟು ಸುಲಭವಾಗಿ ಅದು ನಡೆಯುವಂತಹದಲ್ಲ. ಮಣ್ಣಿನ ಗೋಡೆಯು ಔಷಧವನ್ನು ಹೀರಿಕೊಳ್ಳುವದು. ಹಬ್ಬ ಬಂದಿತೆಂದರೆ ಮನೆಯ ಹೆಣ್ಣುಮಕ್ಕಳು ಗೋಡೆಗೆ ಹೊಸದಾಗಿ ಸಾರಿಸುವರು. ಸಗಣಿ ಮಣ್ಣಿನ ಆ ಸಾರಣೆಯ ಕೆಳಗೆ ಔಷಧವು ಹೂತುಹೋಗುವದು. ಪಂಚಮಿ, ದೀಪಾವಳಿಗಳ ಲೆಕ್ಕವಿಲ್ಲದೆ ಸಿಂಪರಣೆಯ ದಿನ ಗೊತ್ತುಮಾಡಿದರೆ ಶ್ರಮವೆಲ್ಲ ವ್ಯರ್ಥ. ದನಕರುಗಳು ಮನುಷ್ಯರೊಡನೆ ಒಂದೇ ಸೂರಿನಡಿಯಲ್ಲಿರುವ ಮನೆಗಳಲ್ಲಿ ಕೊಟ್ಟಿಗೆಯನ್ನು ಬಿಡುವಂತಿಲ್ಲ. ಅಡಿಗೆಮನೆ ದೇವರಮನೆಗಳೊಳಗೆ ಹೊರಗಿನವನು ಪಂಪು ಹಿಡಿದು ಬರುವದನ್ನು ಮನೆಯವರು ಸುಮ್ಮನೆ ಒಪ್ಪುವದೂ ಇಲ್ಲ. ಸೊಳ್ಳೆಯೊಡನೆ ತಿಗಣೆಯೂ ಸತ್ತದ್ದನ್ನು ಕಂಡು ಜನರು ಮೊದಮೊದಲು ಸಿಂಪರಣೆಯನ್ನು ಮೆಚ್ಚಿದರು. ಮುಂದೆ ತಿಗಣೆಯು ಔಷಧಕ್ಕೆ ಜಗ್ಗದಾದಾಗ ಆ ಮೆಚ್ಚಿಕೆಯೂ ಇಳಿಯಿತು. ಶಾಸ್ತ್ರೀಯ ಕಾರ್ಯದ ಜಯಾಪಜಯಗಳು ಇಂಥ ಕ್ಷುದ್ರ ಸಂಗತಿಗಳ ಮೇಲೆ ನಿಂತಿರುವದುಂಟು.

ಕಾರ್ಯದ ಫಲವನ್ನು ವಿಶ್ವನಾಥನ್, ರಾಮಚಂದ್ರರಾಯರು ‘ಇಂಡಿಯನ್ ಜರ್ನಲ್ ಆಫ್ ಮಲೇರಿಯಾಲಜಿ’ಯಲ್ಲಿ ಪ್ರಕಟಿಸಿದರು. ಆ ಪತ್ರಿಕೆಯು ಆರಂಭವಾದ ೧೯೪೭ರಲ್ಲಿಯೇ ಮೊದಲನೆಯ ವರ್ಷದ ಲೇಖವು ಬಂದು, ಎರಡನೆಯ ಮೂರನೆಯ ವರ್ಷಗಳವು ಅದನ್ನು ಹಿಂಬಾಲಿಸಿದವು. ಇಂಥ ಕಾರ್ಯದ ಅಳತೆಗೋಲುಗಳು ಮೂರು. ಎಷ್ಟು ಮಕ್ಕಳಿಗೆ ಜ್ವರಗಡ್ಡೆಯುಂಟು, ಎಷ್ಟು ಮಂದಿಯ ರಕ್ತದಲ್ಲಿ ಜೀವಾಣುವುಂಟು, ಮನೆಗಳಲ್ಲಿ ಎಷ್ಟು ಸೊಳ್ಳೆಗಳು ಸಿಕ್ಕವು? ಇವುಗಳಲ್ಲಿ ಹಸುಗೂಸಿನ ರಕ್ತದ ಸಾಕ್ಷ್ಯವೇ ಎಲ್ಲಕ್ಕೂ ಮಿಗಿಲು. ಏಕೆಂದರೆ ದೊಡ್ಡವರ ಜ್ವರ ಹಳೆಯದಿರಬಹುದು, ವರ್ಷ ತುಂಬದ ಕೂಸಿನದು ಆ ವರ್ಷದ್ದೇ. ಸಿಂಪರಣೆಯಾದ ಊರುಗಳ ಮನೆಗಳಲ್ಲಿ ಫ್ಲುವಿಯಾಟಿಲಿಸ್ ಅಪರೂಪವಾಯಿತು, ಜ್ವರವೂ ಇಳಿಯಿತು.

ಆಡಳಿತದ ಗಡಿಗಳ ವಿಚಿತ್ರವನ್ನೂ ಇಲ್ಲಿ ನೆನೆಯಬೇಕು. ಸುತ್ತಲೂ ಧಾರವಾಡ ಸೀಮೆಯೇ ಇದ್ದರೂ ಕುಂದಗೋಳವು ೧೯೪೮ರ ವರೆಗೆ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದಿತು. ಮುಂಬಯಿ ಸರಕಾರದ ಖಾತೆಯ ಅಧಿಕಾರವು ಅದರ ಎಲ್ಲೆಗೆ ಬಂದು ನಿಲ್ಲುತ್ತಿತ್ತು. ಸೊಳ್ಳೆಗೆ ಅಂಥ ನಿರ್ಬಂಧವಿರಲಿಲ್ಲ.

ಮುಂಬಯಿ ಪ್ರಾಂತದ ಈ ಅನುಭವವೇ ೧೯೫೩ರ ಏಪ್ರಿಲಿನಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮಕ್ಕೆ ಮುಖ್ಯ ಆಧಾರವಾಯಿತು. ಆಗ ದೇಶದಲ್ಲಿ ವರ್ಷಕ್ಕೆ ಸುಮಾರು ೭½ ಕೋಟಿ ಜನರಿಗೆ ಜ್ವರ ಬಂದು ೮ ಲಕ್ಷ ಜನರು ಸಾಯುವರೆಂದು ಅಂದಾಜು ಮಾಡಿದ್ದರು. ೧೯೫೮ರಲ್ಲಿ ನಿಯಂತ್ರಣವು ನಿರ್ಮೂಲನವೆಂಬ ಹೆಸರನ್ನು ತಾಳಿತು. ವಿಶ್ವನಾಥನ್ ಅವರು ಭಾರತದಲ್ಲಿ ಮಲೇರಿಯಾದ ಮೇಲಣ ಜಯವನ್ನು ಕುರಿತ ತಮ್ಮ ಗ್ರಂಥವನ್ನು ಹೊರತಂದುದೂ ಅದೇ ವರ್ಷ. ೧೯೬೧ರಲ್ಲಿ ರೋಗಿಗಳ ಸಂಖ್ಯೆಯು ೫೦ ಸಾವಿರದ ಸುಮಾರಿಗೆ ಇಳಿದಿತ್ತು. ೧೯೭೬ರಲ್ಲಿ ಅದು ೬೪ ಲಕ್ಷವನ್ನು ದಾಟಿತು. ಅರೆಮಲೆನಾಡಿನಲ್ಲಿ ಒಂದು ಸೊಳ್ಳೆಯ ನಡೆಯನ್ನು ಅರಿತು ಗೊತ್ತುಮಾಡಿದ ಉಪಾಯವನ್ನು ಬೇರೆ ಸೊಳ್ಳೆಗಳ ನಾಡಿಗೂ ಏಕರೀತಿಯಾಗಿ ಹಬ್ಬಿಸಿದಾಗ, ಗೋಡೆಗೆ ಬಳಿದ ಪುಡಿಯ ತೂಕ ಉಳಿದು, ಹಳ್ಳದ ದಂಡೆಯ ಅಭ್ಯಾಸವು ಹಿಂದೆ ಬಿದ್ದಿತು. ಹಿನ್ನಡೆಗೆ ಇದೊಂದೇ ಕಾರಣವಲ್ಲ, ಸಣ್ಣ ಕಾರಣವೂ ಅಲ್ಲ. ಬಯಲುಸೀಮೆಯ ಕ್ಯೂಲಿಸಿಫೇಸಿಸ್ ಎಂಬ ಸೊಳ್ಳೆಯು ಡಿ.ಡಿ.ಟಿ.ಯನ್ನು ತಾಳಿಕೊಳ್ಳುವದೆಂದು ೧೯೫೯ರ ಹೊತ್ತಿಗೆ ಗುಜರಾತಿನ ಪಂಚಮಹಲಿನಲ್ಲಿ ಕಂಡುಬಂದಿತ್ತು. ಹೊಲಗಳಿಗೂ ಸುರಿದ ಆ ವಿಷವು ನೆಲದಲ್ಲಿ, ಪ್ರಾಣಿಗಳ ಕೊಬ್ಬಿನಲ್ಲಿ, ತಾಯ ಹಾಲಿನಲ್ಲಿ ಸೇರಿದ ಮೇಲೆ, ೧೯೮೯ರಲ್ಲಿ ಬೇಸಾಯದಲ್ಲಿ ಅದರ ಬಳಕೆಯನ್ನು ಭಾರತ ಸರಕಾರವು ನಿಷೇಧಿಸಿತು.

ಈ ನಡುವೆ, ೧೯೭೦ರ ದಶಕದಲ್ಲಿ, ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ನೀರು ಕಾಲುವೆಯಾಗಿ ನವಲಗುಂದದ ಎರೆಯ ನೆಲಕ್ಕೆ ಇಳಿದಿತ್ತು. ನೀರಾವರಿಯ ಕಾಲುವೆ, ಅದರ ಮಗ್ಗುಲ ತಗ್ಗುಗಳು, ಇವೇ ಕ್ಯೂಲಿಸಿಫೇಸಿಸಿಗೆ ಮೆಚ್ಚಿನ ನೆಲೆ.