ದೊಡ್ಡ ತೊಟ್ಟಿ, ಕೆನರಾದ ಮೀನು

ಮುಂಬಯಿಯ ನಮಗೆ ದೊಡ್ಡ ಮತ್ಸ್ಯಾಲಯವೆಂದರೆ 1951ರಲ್ಲಿ ಮರೀನ್ ಡ್ರೈವಿನಲ್ಲಿ ಪಾರ್ಸಿ ದಾನಿಯೊಬ್ಬರ ನೆರವಿನಿಂದ ತೆರೆದ ತಾರಾಪೋರ್‌ವಾಲಾ ಅಕ್ವೇರಿಯಂ. ಅದು ತೊಟ್ಟಿಗಳಿಗಾಗಿಯೇ ಕಟ್ಟಿದ ಕಟ್ಟಡ. ಮಹಡಿ ಮನೆಯಲ್ಲಿ ಆಸ್ಕರ್‌ನಂತಹ ದೊಡ್ಡ ಸಿಕ್ಲಿಡ್ ಮೀನುಗಳನ್ನು ಸಾಕುವ ಹವ್ಯಾಸಕ್ಕೆ ಆ ಅನುಕೂಲವಿಲ್ಲ. ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ತೊಟ್ಟಿ ತುಂಬಿದರೆ ನೀರೇ ಸುಮಾರು 680 ಕಿಲೋ. ಗಾಜು, ಮರಳು ಬೇರೆ. ಹಳೆಯ ಚಾಳುಗಳ ಮರದ ನೆಲಕ್ಕೆ ಇದು ಸಲ್ಲದು. ಕಾಂಕ್ರೀಟ್ ಮನೆಯಲ್ಲೂ ಇಂಜಿನಿಯರರನ್ನು ಕೇಳಿದ ಮೇಲೆಯೇ ಮೀನು ಕೊಳ್ಳಬೇಕೆಂಬುದು ನಮ್ಮ ಮತ.

ಆಸ್ಕರ್ ದಕ್ಷಿಣ ಅಮೆರಿಕದ್ದು. ಅದೇ ಬಳಗದ ಮೀನೊಂದು ನಮ್ಮ ದಕ್ಷಿಣ ಕನ್ನಡದ ಹೊಳೆಗಳಲ್ಲೂ ಇದೆ; 1877ರಲ್ಲಿ ಫ್ರಾನ್ಸಿಸ್ ಡೇ ಅದಕ್ಕೆ ಎಟ್ರೋಪ್ಲಸ್ ಕೆನರೆನ್ಸಿಸ್ ಎಂದು ಹೆಸರಿಟ್ಟನು. ಗೇಣುದ್ದವೂ ಬೆಳೆಯದ ಅದಕ್ಕೆ ಇಷ್ಟು ದೊಡ್ಡ ತೊಟ್ಟಿ ಬೇಡ. ಕರಾವಳಿಯಿಂದ ಬಂದ ನಾವೇ ಅಮೆಜಾನಿನ ಮೀನಿಗಾಗಿ ನೆಲದ ಬಲ ವಿಚಾರಿಸುತ್ತಿದ್ದೇವೆ.