ಕಿವುಡ ಸಂಜ್ಞಾಭಾಷಿಕರ ಆರೋಗ್ಯ ಸಮಾನತೆ

ಸಂಜ್ಞಾಭಾಷೆ ಬಳಸುವ ಕಿವುಡರಿಗೆ ಆರೋಗ್ಯದ ಮಾಹಿತಿ, ಚಿಕಿತ್ಸೆಗಳು ಇತರರಿಗೆ ದಕ್ಕುವಷ್ಟೇ ದಕ್ಕಬೇಕೆಂಬುದು ಇದರ ಧ್ಯೇಯ. ಮುಖ್ಯ ಅಡ್ಡಿ ಭಾಷೆಯದು. ಅಮೆರಿಕದ ಆರೋಗ್ಯ ಸಮೀಕ್ಷೆಗಳು ಬಹುಕಾಲ ದೂರವಾಣಿಯನ್ನೇ ನೆಚ್ಚಿದ್ದರಿಂದ ಈ ಸಮುದಾಯ ಅಂಕಿಅಂಶಗಳಿಂದಲೇ ಹೊರಗುಳಿಯಿತು. ಲೆಕ್ಕಕ್ಕೆ ಸಿಗದವರಿಗೆ ಯೋಜನೆ ಎಲ್ಲಿಂದ ಬರಬೇಕು? ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಸಂಶೋಧಕರು ಕಿವುಡರ ಜೊತೆಗೂಡಿ 2008ರಲ್ಲಿ ಸಂಜ್ಞೆಯ ವಿಡಿಯೊ ಮೂಲಕ ಸಮೀಕ್ಷೆ ನಡೆಸಿದರು. ಊರಿನ ಉಳಿದವರಿಗಿಂತ ಕಿವುಡರಲ್ಲಿ ಬೊಜ್ಜು, ಸಂಗಾತಿಯ ಹಿಂಸೆ, ಆತ್ಮಹತ್ಯಾ ಯತ್ನ ಹೆಚ್ಚೆಂದೂ ಧೂಮಪಾನ ಕಡಿಮೆಯೆಂದೂ ಕಂಡುಬಂತು. ಹೀಗೆ ಕೆಲವು ಹೆಚ್ಚು, ಇನ್ನೊಂದು ಕಡಿಮೆ ಇರುವಾಗ ಕಿವುಡುತನವೇ ಅನಾರೋಗ್ಯದ ಮೂಲವೆಂಬ ಸರಳ ವಿವರಣೆ ನಿಲ್ಲದು.

ಆಸ್ಪತ್ರೆಯಲ್ಲಿ ಸಂಜ್ಞೆಯ ಬದಲು ಬರೆದು ತಿಳಿಸಿದರೆ ಸಾಲದೇ ಎಂಬ ಆಕ್ಷೇಪವುಂಟು. ಆದರೆ ಅಮೆರಿಕನ್ ಸಂಜ್ಞಾಭಾಷೆಗೆ ತನ್ನದೇ ವ್ಯಾಕರಣವಿದೆ; ಅನೇಕರಿಗೆ ಇಂಗ್ಲಿಷ್ ಎರಡನೆಯ ಭಾಷೆ. ಸಂಜ್ಞಾಭಾಷೆಯ ದುಭಾಷಿ ದುಬಾರಿಯೆಂಬ ವಾದ ಇನ್ನೂ ದುರ್ಬಲ: ಔಷಧದ ಪ್ರಮಾಣ ತಪ್ಪಾಗಿ ತಿಳಿದರೆ ಆಗುವ ವೆಚ್ಚವನ್ನು ಅದು ಎಣಿಸುವುದೇ ಇಲ್ಲ. ಪರಿಣಾಮಕಾರಿ ಸಂವಹನವನ್ನು ಅಮೆರಿಕದ 1990ರ ಅಂಗವಿಕಲರ ಕಾಯಿದೆ ಆಸ್ಪತ್ರೆಗಳ ಹೊಣೆಯಾಗಿಸಿದೆ.